ಹೊಗೆ ಹೋದ ದಾರಿ: ಇಂಗ್ಲೆಂಡಿನ ಒಂದು ಹಳೆಯ ಮರದ ಮನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮರದ ಮನೆಗಳ ವಿಚಾರ ಬಂದಾಗಲೆಲ್ಲ ನನಗೆ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಎದುರಾಗುತ್ತವೆ. ಕೆಲವನ್ನು ಊಟಕ್ಕೆ ಕೂತಾಗ ಕೇಳಿದ್ದಾರೆ, ಕೆಲವನ್ನು ಪತ್ರದಲ್ಲಿ. ಮನೆ ತೋರಿಸಲು ಕರೆದುಕೊಂಡು ಹೋದಾಗ ಹೊಸ್ತಿಲಲ್ಲೇ ನಿಂತು ಕೇಳಿದವರೂ ಇದ್ದಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಉದಾಹರಣೆಗೆ ಬೇಲೀಫ್ ಎಂಬ ಒಂದೇ ಮನೆಯನ್ನು ಹಿಡಿದುಕೊಂಡಿದ್ದೇನೆ. ಅದರಲ್ಲಿ ಕಾಣದ ಸಂಗತಿ ಬಂದಾಗ ಮಾತ್ರ ಅದರ ಬಳಗದ ಬೇರೆ ಮನೆಗಳ ಕಡೆ ಹೋಗುತ್ತೇನೆ.

## ಮೊದಲ ಪರಿಚಯ

ಬೇಲೀಫ್ ಅಂದರೆ ಯಾವ ಮನೆ? ಎಲ್ಲಿದೆ?

ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಕೌಂಟಿಯಲ್ಲಿ ಚಿಡಿಂಗ್‌ಸ್ಟನ್ ಅನ್ನುವ ಹಳ್ಳಿ ಇದೆ. ಬೇಲೀಫ್ ಅಲ್ಲಿನ ಒಂದು ರೈತರ ಮನೆ. 15ನೇ ಶತಮಾನದ ಮೊದಲ ಭಾಗದಲ್ಲಿ ಓಕ್ ಮರದಲ್ಲಿ ಕಟ್ಟಿದ್ದು. ಸುಮಾರು 550 ವರ್ಷ ಅಲ್ಲೇ ನಿಂತಿತ್ತು. 1960ರ ದಶಕದಲ್ಲಿ ಆ ಕಣಿವೆಯಲ್ಲಿ ಬೌ ಬೀಚ್ ಜಲಾಶಯ ಕಟ್ಟುವುದು ಎಂದಾಯಿತು. ನೀರು ಬರುವ ಮೊದಲು, 1968-69ರಲ್ಲಿ, ಮನೆಯನ್ನು ಒಂದೊಂದೇ ತೊಲೆಯಾಗಿ ಬಿಚ್ಚಿದರು. ಶರಾವತಿ ಹಿನ್ನೀರಿನ ಕಡೆಯವರಿಗೆ ಆ ಸಂಕಟವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಿಚ್ಚಿದ ಮನೆ 1971-72ರಲ್ಲಿ ಮತ್ತೆ ಎದ್ದು ನಿಂತಿತು. ಈಗ ಅದು ವೆಸ್ಟ್ ಸಸೆಕ್ಸ್‌ನ ಚಿಚೆಸ್ಟರ್ ಪಟ್ಟಣದ ಹತ್ತಿರ, ಸಿಂಗಲ್ಟನ್ ಹಳ್ಳಿಯಲ್ಲಿದೆ. ಅಲ್ಲಿನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಲಿವಿಂಗ್ ಮ್ಯೂಸಿಯಂ ಬಯಲಲ್ಲಿ ಇಂಥ ಹಲವು ಹಳೆಯ ಮನೆಗಳಿವೆ. ಇದು ಅವುಗಳಲ್ಲಿ ಒಂದು. ಯಾರು ಬೇಕಾದರೂ ಒಳಗೆ ಹೋಗಬಹುದು, ಮೆಟ್ಟಿಲು ಹತ್ತಬಹುದು, ಕಂಬ ಮುಟ್ಟಬಹುದು.

ಮರದ ಮನೆ ಅಂದ್ರೆ ಗೋಡೆಯೂ ಮರದ್ದೇನಾ?

ಅಲ್ಲ. ಭಾರ ಹೊರುವುದು ಮರ, ಗಾಳಿ ತಡೆಯುವುದು ಮಣ್ಣು. ಮೊದಲು ಕಂಬ, ತೊಲೆ, ಮಾಡು ಎಲ್ಲ ಸೇರಿ ಮರದ ಒಂದು ಗೂಡು ನಿಲ್ಲುತ್ತದೆ. ಆಮೇಲೆ ಕಂಬಗಳ ನಡುವಿನ ಖಾಲಿ ಜಾಗ ತುಂಬುತ್ತಾರೆ. ಓಕ್‌ನ ಸೀಳುಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಹೇಜಲ್ ಗಿಡದ ಸಪೂರ ಕೋಲುಗಳನ್ನು ಬುಟ್ಟಿಯ ಹಾಗೆ ನೇಯುತ್ತಾರೆ. ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಎರಡೂ ಕಡೆಯಿಂದ ಮೆತ್ತುತ್ತಾರೆ. ಮೇಲೆ ಸುಣ್ಣ. ನಮ್ಮ ಹಳ್ಳಿಗಳಲ್ಲಿ ತಟ್ಟಿಗೋಡೆಗೆ ಮಣ್ಣು ಮೆತ್ತಿದ್ದನ್ನು ಕಂಡವರಿಗೆ ಇದು ಹೊಸತಲ್ಲ.

ಈ ವ್ಯವಸ್ಥೆಯಿಂದ ಒಂದು ದೊಡ್ಡ ಅನುಕೂಲ ಇದೆ. ಯಾವ ಗೋಡೆಯನ್ನು ಬೇಕಾದರೂ ಕಿತ್ತು ಬದಲಿಸಬಹುದು, ಮನೆ ಬೀಳುವುದಿಲ್ಲ. ಈ ಮನೆಗಳು ಶತಮಾನಗಟ್ಟಲೆ ಬದಲಾಗುತ್ತಲೇ ಉಳಿದದ್ದು ಅದರಿಂದಲೇ.

ಒಳಗೆ ಹೋದರೆ ಏನೇನಿದೆ?

ಉದ್ದಕ್ಕೆ ಮೂರು ಭಾಗ. ನಡುವೆ ದೊಡ್ಡ ನಡುಮನೆ. ಇಂಗ್ಲಿಷಿನವರು ಹಾಲ್ ಅನ್ನುತ್ತಾರೆ. ಇದಕ್ಕೆ ಮಹಡಿ ಇಲ್ಲ, ನೆಲದಿಂದ ಮಾಡಿನ ನೆತ್ತಿಯವರೆಗೂ ಬರೀ ಖಾಲಿ. ಎರಡು ತುದಿಗಳಲ್ಲಿ ಮಾತ್ರ ಮಹಡಿ ಇರುವ ಕೋಣೆಗಳು.

ಮುಂಬಾಗಿಲಿನಿಂದ ಒಳಗೆ ಕಾಲಿಟ್ಟರೆ ಎದುರಿಗೇ ಹಿಂಬಾಗಿಲು ಕಾಣುತ್ತದೆ. ಎರಡು ಬಾಗಿಲ ನಡುವೆ ಅಡ್ಡ ಹಾದಿ. ಆ ಹಾದಿಯ ಒಂದು ಪಕ್ಕಕ್ಕೆ ಎರಡು ಉಗ್ರಾಣ, ಒಂದು ಪಾನೀಯದ ಪೀಪಾಯಿಗಳಿಗೆ, ಇನ್ನೊಂದು ರೊಟ್ಟಿ ಮತ್ತು ದಿನಸಿಗೆ. ಇನ್ನೊಂದು ಪಕ್ಕಕ್ಕೆ ನಡುಮನೆ. ನಡುಮನೆಯ ಆ ಕೊನೆಯಲ್ಲಿ ಯಜಮಾನರ ಊಟದ ಮೇಜು, ಅದರ ಹಿಂದೆ ಖಾಸಗಿ ಕೋಣೆ, ಮೇಲೆ ಮಲಗುವ ಮನೆ. ಬಾಗಿಲ ಕಡೆಯದು ಕೆಳತುದಿ, ಯಜಮಾನರ ಕಡೆಯದು ಮೇಲ್ತುದಿ. ಯಾರು ಎಲ್ಲಿ ಕೂರಬೇಕು ಅನ್ನುವುದು ಮನೆಯ ನಕ್ಷೆಯಲ್ಲೇ ಇತ್ತು.

ಎರಡು ತುದಿಯ ಮಹಡಿಗಳ ನಡುವೆ ನಡುಮನೆಯ ಖಾಲಿ ಜಾಗ ಇತ್ತಲ್ಲ, ಹಾಗಾಗಿ ಮೇಲಿಂದ ಮೇಲೆ ದಾಟುವಂತಿರಲಿಲ್ಲ. ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗಲು ಕೆಳಗಿಳಿದು, ನಡುಮನೆ ದಾಟಿ, ಮತ್ತೆ ಹತ್ತಬೇಕು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಡುಮನೆಯಲ್ಲೇ ಬೆಂಕಿ ಹಾಕ್ತಿದ್ರಾ? ಹೊಗೆ ಎಲ್ಲಿಗೆ ಹೋಗ್ತಿತ್ತು?

ಹೌದು, ನೆಲದ ಮೇಲೇ. ಸುತ್ತ ಗೋಡೆಯಿಲ್ಲ, ಮೇಲೆ ಚಿಮಣಿಯಿಲ್ಲ. ಹೊಗೆ ಮೇಲೇರಿ ಮಾಡಿನಡಿ ತುಂಬಿಕೊಳ್ಳುತ್ತಿತ್ತು. ಅಲ್ಲಿಂದ ನಿಧಾನವಾಗಿ ಹೆಂಚಿನ ಸಂದಿಯಲ್ಲಿ, ಮಾಡಿನ ತುದಿಯಲ್ಲಿ ಬಿಟ್ಟ ಸಣ್ಣ ತ್ರಿಕೋನದ ಕಿಂಡಿಯಲ್ಲಿ ಹೊರಗೆ ಹೋಗುತ್ತಿತ್ತು. ಕಿಟಕಿಗಳಿಗೆ ಗಾಜಿಲ್ಲ, ಮರದ ಸರಳು ಮಾತ್ರ. ಚಳಿಗಾಳಿ ಬಂದಾಗ ಕದ ಹಾಕಿಕೊಳ್ಳಬೇಕು.

ಮ್ಯೂಸಿಯಂನವರು ಬೇಲೀಫ್‌ನಲ್ಲಿ ಬೆಂಕಿ ಹಾಕಿದಾಗ ಒಳಗೆ ಕೂತು ನೋಡಬೇಕು. ಕೂತವರ ತಲೆಗಿಂತ ಎತ್ತರದಲ್ಲಿ ಹೊಗೆಯ ಒಂದು ಪದರ ನಿಲ್ಲುತ್ತದೆ. ಕೂತವರಿಗೆ ಉಸಿರಾಟ ಸಲೀಸು, ನಿಂತವರಿಗೆ ಕಣ್ಣುರಿ. ನಡುಮನೆ ಅಷ್ಟು ಎತ್ತರ ಯಾಕೆ ಅನ್ನುವುದು ಆಗ ಮೈಗೇ ತಿಳಿಯುತ್ತದೆ. ಆ ಎತ್ತರ ಬರೀ ಅಂದಕ್ಕಲ್ಲ, ಹೊಗೆಗೂ ಒಂದು ಜಾಗ ಬೇಕಿತ್ತು.

ತಲೆಮಾರುಗಟ್ಟಲೆ ಏರಿದ ಆ ಹೊಗೆ ಮಾಡಿನ ಮರಕ್ಕೆಲ್ಲ ಮಸಿ ಹಿಡಿಸಿತು. ನಮ್ಮ ಹಳೆಯ ಅಡುಗೆಮನೆಗಳ ಅಟ್ಟದಲ್ಲಿ ಜೋತುಬೀಳುವ ಇಲ್ಲಣ ಗೊತ್ತಲ್ಲ, ಅದೇ. ಈ ಮನೆಗಳ ಚರಿತ್ರೆ ಓದಲು ನನಗೆ ಆ ಇಲ್ಲಣಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ. ಮುಂದೆ ಬರುವ ಬದಲಾವಣೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಗೆಯನ್ನು ಎಲ್ಲಿಗೆ ಕಳಿಸಬೇಕು ಅನ್ನುವುದರ ಸುತ್ತವೇ ಇವೆ.

ಇಷ್ಟು ದೊಡ್ಡ ಮನೆ ಸಾಮಾನ್ಯ ರೈತರದ್ದು ಅಂದರೆ ನಂಬೋಕಾಗಲ್ಲ

ಸಾಮಾನ್ಯ ರೈತರಲ್ಲ, ಅನುಕೂಲಸ್ಥ ರೈತರು. ಪ್ರಭುಗಳಂತೂ ಅಲ್ಲ. 1348-49ರ ಪ್ಲೇಗ್ ಮಾರಿ ಇಂಗ್ಲೆಂಡಿನ ಜನಸಂಖ್ಯೆಯನ್ನು ಭಾರಿ ಇಳಿಸಿತು. ಉಳಿದವರ ಪಾಲಿಗೆ ಜಾಸ್ತಿ ಭೂಮಿ ಬಂತು, ಕೂಲಿಯೂ ಏರಿತು. ಕೆಂಟ್ ಮತ್ತು ಸಸೆಕ್ಸ್ ನಡುವಿನ ವೀಲ್ಡ್ ಸೀಮೆಯಲ್ಲಿ ಓಕ್ ಕಾಡು ದಂಡಿಯಾಗಿತ್ತು. ಬಟ್ಟೆ ನೇಯ್ಗೆ ಮತ್ತು ಕಬ್ಬಿಣದ ಕೆಲಸದಿಂದ ಕೈಯಲ್ಲಿ ದುಡ್ಡೂ ಓಡಾಡಿತು. ಹೀಗೆ 14ನೇ ಶತಮಾನದ ಕೊನೆಯಿಂದ 16ನೇ ಶತಮಾನದ ಮೊದಲ ಭಾಗದವರೆಗೆ ಅಲ್ಲಿ ಒಂದೇ ಮಾದರಿಯ ನೂರಾರು ಮನೆಗಳು ಎದ್ದವು. ಆ ಸೀಮೆಯ ಹೆಸರಿನಿಂದಲೇ ಅವನ್ನು ವೀಲ್ಡನ್ ಮನೆ ಅನ್ನುತ್ತಾರೆ.

ದೂರದಿಂದಲೇ ಗುರುತು ಹಿಡಿಯಬಹುದು. ಎರಡು ತುದಿಯ ಮಹಡಿಗಳು ಮುಂದಕ್ಕೆ ಚಾಚಿರುತ್ತವೆ, ನಡುವಿನ ಭಾಗ ಒಳಗೆ ಸರಿದಂತಿರುತ್ತದೆ. ಮೂರಕ್ಕೂ ಸೇರಿ ಒಂದೇ ದೊಡ್ಡ ಮಾಡು. ನಡುವಿನ ಭಾಗದ ಮುಂದೆ ಸೂರು ಗೋಡೆಯಿಂದ ದೂರ ನಿಲ್ಲುತ್ತದಲ್ಲ, ಅದನ್ನು ಹೊರಲು ಎರಡೂ ಕಡೆಯಿಂದ ಬಾಗಿದ ಮರದ ತೋಳುಗಳು ಬಂದಿರುತ್ತವೆ.

## ಕಟ್ಟಿದ ಬಗೆ

ಹಸಿ ಮರದಲ್ಲಿ ಕಟ್ಟುತ್ತಿದ್ದರಂತೆ. ಸೊಟ್ಟ ಆಗಲ್ವಾ?

ಆಗುತ್ತದೆ, ಆಗಿಯೂ ಇದೆ. ಓಕ್ ಒಣಗಿದ ಮೇಲೆ ಅದರಲ್ಲಿ ಉಳಿ ಇಳಿಸುವುದೇ ಕಷ್ಟ. ಆದ್ದರಿಂದ ಕಡಿದ ಕೆಲವೇ ತಿಂಗಳಲ್ಲಿ ಕೊಡಲಿ, ಬಾಚಿ, ಗರಗಸದಿಂದ ಚೌಕ ಮಾಡಿ ಕೂಡಿಸಿಬಿಡುತ್ತಿದ್ದರು. ಮನೆ ನಿಂತ ಮೇಲೆ ಮರ ಅಲ್ಲೇ ಒಣಗುತ್ತಾ ಬಂತು. ಉದ್ದದಲ್ಲಿ ಅದು ಹೆಚ್ಚು ಕುಗ್ಗುವುದಿಲ್ಲ, ದಪ್ಪದಲ್ಲಿ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ, ಬಿರುಕು ಬಿಡುತ್ತದೆ. ಇದೆಲ್ಲ ಬಡಗಿಗಳಿಗೆ ಗೊತ್ತಿತ್ತು. ಕೂಡಿಕೆಗಳು ಒಣಗುತ್ತಾ ಇನ್ನೂ ಬಿಗಿಯಾಗುವಂತೆ ಲೆಕ್ಕ ಹಾಕಿದ್ದರು. ಉದ್ದದ ಬಿರುಕು ಕಂಡು ಗಾಬರಿ ಬೀಳುವವರಿದ್ದಾರೆ. ಸಾಮಾನ್ಯವಾಗಿ ಅದು ಮನೆ ಕಟ್ಟಿದ ಮೊದಲ ಕೆಲವು ವರ್ಷಗಳಲ್ಲೇ ಬಂದ ಬಿರುಕು.

ಮೊಳೆ ಇಲ್ಲದೆ ಹೇಗೆ ನಿಂತಿದೆ? ಮರದ ಮೇಲಿನ ರೋಮನ್ ಅಂಕಿಗಳು ಏನು?

ಒಂದು ಮರದ ತುದಿಯಲ್ಲಿ ನಾಲಗೆ ಬಿಡಿಸುತ್ತಾರೆ, ಇನ್ನೊಂದರಲ್ಲಿ ಅದು ಕೂರುವಂಥ ಗುಂಡಿ ಕೊರೆಯುತ್ತಾರೆ. ನಾಲಗೆಯನ್ನು ಕೂರಿಸಿ ಅಡ್ಡಕ್ಕೆ ಮರದ ಗೂಟ ಹೊಡೆಯುತ್ತಾರೆ. ಇದರಲ್ಲೊಂದು ಜಾಣ್ಮೆ ಇದೆ. ನಾಲಗೆಯ ತೂತನ್ನೂ ಗುಂಡಿಯ ತೂತನ್ನೂ ಒಂದಕ್ಕೊಂದು ನೇರ ಇಡುವುದಿಲ್ಲ, ಕೂದಲೆಳೆಯಷ್ಟು ಸರಿಸಿ ಕೊರೆಯುತ್ತಾರೆ. ಗೂಟ ಒಳಗೆ ಹೋಗುವಾಗ ಎರಡು ಮರವನ್ನೂ ಹತ್ತಿರಕ್ಕೆ ಎಳೆದು ಬಿಗಿ ಮಾಡುತ್ತದೆ.

ಈ ಕೂಡಿಕೆಯನ್ನೆಲ್ಲ ಮನೆ ಏಳುವ ಜಾಗದಲ್ಲೇ ಮಾಡುತ್ತಿರಲಿಲ್ಲ. ಬಡಗಿಯ ಅಂಗಳದಲ್ಲಿ ಮರಗಳನ್ನು ನೆಲದ ಮೇಲೆ ಮಲಗಿಸಿ, ಒಂದಕ್ಕೊಂದು ಹೊಂದಿಸಿ ಕೊರೆದು, ಮತ್ತೆ ಬಿಚ್ಚಿ ಗಾಡಿಯಲ್ಲಿ ಸಾಗಿಸುತ್ತಿದ್ದರು. ಯಾವ ತೋಳು ಯಾವ ಕಂಬಕ್ಕೆ ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಈ ಅಂಕಿಗಳು. ಎರಡರ ಮೇಲೂ ಒಂದೇ ಗುರುತು. ನೇರ ಗೆರೆಗಳನ್ನು ಉಳಿಯಿಂದ ಹೊಡೆಯುವುದು ಸುಲಭ, ಹಾಗಾಗಿ ರೋಮನ್ ಅಂಕಿ ಒಗ್ಗಿತು. ಬಿಚ್ಚಿ ಒಯ್ದು ಮತ್ತೆ ಜೋಡಿಸುವ ಪಾಠ ಈ ಮನೆಗೆ ಹುಟ್ಟಿನಿಂದಲೇ ಇತ್ತು ಅನ್ನಿ.

ದೊಡ್ಡ ಮೂಲೆಕಂಬಗಳನ್ನು ಗಮನಿಸಿ. ಮೇಲ್ತುದಿ ದಪ್ಪ ಇರುತ್ತದೆ. ಸಾಮಾನ್ಯವಾಗಿ ಅವು ತಲೆಕೆಳಗಾಗಿ ನಿಲ್ಲಿಸಿದ ಮರಗಳು. ಗೋಡೆಯ ಮೇಲಿನ ಉದ್ದ ತೊಲೆ, ಅಡ್ಡತೊಲೆ, ಕಂಬ ಮೂರೂ ಸೇರುವ ಜಾಗದಲ್ಲಿ ಜಾಸ್ತಿ ದಪ್ಪ ಬೇಕು. ಬೇರಿನ ಕಡೆಯ ದಪ್ಪ ಅಲ್ಲಿಗೆ ಒದಗಿತು.

ಒಂದು ಮನೆಗೆ ಎಷ್ಟು ಮರ ಬೇಕಾಗಿತ್ತು?

ಬೇಲೀಫ್‌ದಲ್ಲ, ಬೇರೊಂದು ಮನೆಯ ಲೆಕ್ಕ ಹೇಳುತ್ತೇನೆ. ಕಾಡುಗಳ ಚರಿತ್ರೆ ಬರೆದ ಓಲಿವರ್ ರ‍್ಯಾಕ್‌ಹ್ಯಾಮ್ ಅವರು ಸಫೋಕ್‌ನ ಸ್ಟಾಂಟನ್ ಎಂಬಲ್ಲಿನ ಒಂದು ರೈತರ ಮನೆಯ ಮರಗಳನ್ನು ಎಣಿಸಿದ್ದರು. ಸುಮಾರು 330 ಮರ ಬಂತು. ಅಷ್ಟೊಂದಾ ಅಂತ ಹೌಹಾರಬೇಡಿ. ಅವುಗಳಲ್ಲಿ ಹೆಚ್ಚಿನವು ಸಣ್ಣ, ಎಳೆಯ ಮರಗಳು. ಒಂದೊಂದು ಕಂಬಕ್ಕೂ ಅದರ ದಪ್ಪಕ್ಕೆ ಸರಿಯಾದ ಒಂದೊಂದು ಮರ ಆರಿಸುತ್ತಿದ್ದರು. ದೊಡ್ಡ ಮರ ಕಡಿದು ಸೀಳಿ ಹಾಳು ಮಾಡುತ್ತಿರಲಿಲ್ಲ. ಬಾಗಿದ ತೋಳು ಬೇಕಿದ್ದರೆ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕುತ್ತಿದ್ದರು.

ಮಹಡಿ ಯಾಕೆ ಹೊರಗೆ ಚಾಚಿದೆ? ತೆರಿಗೆ ತಪ್ಪಿಸೋಕಂತೆ?

ನೆಲದ ಅಳತೆಗೆ ತೆರಿಗೆ, ಅದಕ್ಕೇ ಮೇಲೆ ಚಾಚಿದರು ಅನ್ನುವ ಕಥೆ ಎಲ್ಲ ಕಡೆ ಕೇಳುತ್ತದೆ. ಪೇಟೆಯ ಇಕ್ಕಟ್ಟಿನ ಬೀದಿಯಲ್ಲಿ ಜಾಗ ಸಾಲದೆ ಚಾಚಿರಬಹುದು. ಆದರೆ ಬೇಲೀಫ್ ಸುತ್ತ ಬರೀ ಹೊಲ. ಜಾಗಕ್ಕೆ ಏನು ಬರ? ಜಂತೆಗಳ ತುದಿಯನ್ನು ಹೊರಗೆ ಬಿಟ್ಟು ಅದರ ಮೇಲೆ ಗೋಡೆಯ ಭಾರ ಕೂರಿಸಿದರೆ ಒಳಗಿನ ನೆಲ ತೂಗಾಡುವುದು ಕಡಿಮೆಯಾಗುತ್ತದೆ, ಅದೊಂದು ಕಾರಣ ಇದ್ದೀತು. ನನಗೆ ಅನ್ನಿಸುವುದು, ಮುಖ್ಯ ಕಾರಣ ಶೋಭೆ. ಮುಂದಿನಿಂದ ಕಾಣುವ ಕಡೆಯೇ ಚಾಚಿದ್ದಾರೆ ಅಲ್ವಾ?

ಹಳೇ ಹಡಗಿನ ಮರದಿಂದ ಕಟ್ಟಿದ್ದು ಅಂತಾರೆ, ಹೌದಾ?

ಇಲ್ಲ. ಸಮುದ್ರದಿಂದ ಎಷ್ಟೋ ದೂರದ ಹಳ್ಳಿಗಳಲ್ಲೂ ಈ ಮಾತು ಹೇಳುತ್ತಾರೆ. ಕಂಬಗಳಲ್ಲಿ ಕೆಲಸಕ್ಕೆ ಬಾರದ ತೂತುಗಳು ಕಾಣುತ್ತವೆ, ತೊಲೆಗಳು ಬಾಗಿರುತ್ತವೆ, ಅದರಿಂದ ಹುಟ್ಟಿದ ನಂಬಿಕೆ ಇದು. ಹಡಗಿನ ಮರದ ಆಕಾರವೇ ಬೇರೆ, ಮನೆಗೆ ಒಗ್ಗುವುದಿಲ್ಲ. ಹಳೆಯ ಮರ ಮತ್ತೆ ಬಳಸಿದ್ದು ಇದ್ದರೆ ಅದು ಬಿದ್ದ ಮನೆಯದೋ ಕೊಟ್ಟಿಗೆಯದೋ ಆಗಿರುತ್ತದೆ.

## ಬದಲಾದ ಬಗೆ

ಬೇಲೀಫ್ ಪೂರ್ತಿ ಒಂದೇ ಸಲ ಕಟ್ಟಿದ್ದಾ?

ಅಲ್ಲ. ನೋಡಿದರೆ ಒಂದೇ ಸಲ ಕಟ್ಟಿದ ಹಾಗಿದೆ, ಆದರೆ ಮರದ ಲೆಕ್ಕ ಬೇರೆ ಹೇಳುತ್ತದೆ. ನಡುಮನೆ ಮತ್ತು ಉಗ್ರಾಣದ ಕಡೆಯ ಮರ ಕಡಿದದ್ದು 1405ರಿಂದ 1430ರ ನಡುವೆ. ಯಜಮಾನರ ಮೇಲ್ತುದಿಯ ಮರ 1505-10ರದು. ಅಂದರೆ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಒಂದು ನೂರು ವರ್ಷ. ಹೊಸ ಭಾಗ ಕಟ್ಟಿದವರು ಹಳೆಯದಕ್ಕೆ ಹೊಂದುವ ಹಾಗೇ ಕಟ್ಟಿದ್ದಾರೆ. ಅದೇ ಚಾಚು, ಅದೇ ಮಾಡಿನ ಸಾಲು. ಅಜ್ಜನ ಕಾಲದ ಮನೆಗೆ ಮೊಮ್ಮಗ ಕೋಣೆ ಸೇರಿಸುವಾಗ ತೋರಿಸುವ ಮರ್ಯಾದೆ ಅದು. ನನಗೆ ಈ ಮನೆಯಲ್ಲಿ ತುಂಬಾ ಇಷ್ಟವಾದದ್ದು ಇದೇ.

ಚಿಮಣಿ ಬಂದ ಮೇಲೆ ಏನೇನು ಬದಲಾಯಿತು?

ಎಲ್ಲವೂ ಅಂದರೆ ತಪ್ಪಿಲ್ಲ. 16ನೇ ಶತಮಾನದಲ್ಲಿ ಹೊಗೆಯನ್ನು ಒಂದು ಮೂಲೆಗೆ ಕಟ್ಟಿಹಾಕುವ ಯೋಚನೆ ಬಂತು. ಮೊದಮೊದಲು ಕೆಲವರು ನಡುಮನೆಯ ಒಂದು ಕೊನೆಯನ್ನು ತಟ್ಟಿಗೋಡೆಯಿಂದ ಅಡ್ಡ ಮಾಡಿ, ಆ ಸಣ್ಣ ಜಾಗವನ್ನು ಮಾಡಿನವರೆಗೆ ಹೊಗೆಗೆ ಬಿಟ್ಟರು. ಉಳಿದ ಭಾಗಕ್ಕೆ ಮಹಡಿ ಹಾಕಿಕೊಂಡರು. ಮುಂದೆ ಇಟ್ಟಿಗೆ ಸುಲಭವಾಗಿ ಸಿಗತೊಡಗಿದಾಗ ಅದೇ ಜಾಗದಲ್ಲಿ ಇಟ್ಟಿಗೆಯ ಚಿಮಣಿ ಎದ್ದಿತು.

ಹೊಗೆ ಕೊಳವೆಯೊಳಗೆ ಹೋದ ಮೇಲೆ ನಡುಮನೆಗೆ ಆ ಎತ್ತರ ಬೇಕಿರಲಿಲ್ಲ. ನಡುವೆ ದಪ್ಪದೊಂದು ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಹಲಗೆ. ಮನೆಗೆ ಹೊಸದೊಂದು ಮಹಡಿ ಸಿಕ್ಕಿತು. ಮೊದಲೇ ಹೇಳಿದೆನಲ್ಲ, ಎರಡು ತುದಿಯ ಮಹಡಿಗಳ ನಡುವೆ ದಾರಿ ಇರಲಿಲ್ಲ ಅಂತ. ಈಗ ದಾರಿಯಾಯಿತು. ಅದಕ್ಕಾಗಿ ಹಳೆಯ ಅಡ್ಡಗೋಡೆಗಳಲ್ಲಿ ಬಾಗಿಲು ಕೊರೆದರು, ಕೆಲವು ಕಡೆ ಬಾಗಿದ ತೋಳನ್ನೇ ಕಡಿದು ಹಾಕಿದರು. ತಲೆ ಬಗ್ಗಿಸಿ ದಾಟುವ ಆ ಬಾಗಿಲುಗಳು ಇಂದಿಗೂ ಎಷ್ಟೋ ಮನೆಗಳಲ್ಲಿವೆ.

ಚಿಮಣಿಯನ್ನು ಎಲ್ಲಿ ಇಟ್ಟರು ಅನ್ನುವುದರ ಮೇಲೆ ಉಳಿದದ್ದು ನಿಂತಿತು. ಹಲವರು ಅಡ್ಡ ಹಾದಿಯಲ್ಲೇ ಇಟ್ಟರು. ಆಗ ಮುಂಬಾಗಿಲು ತೆಗೆದರೆ ಎದುರಿಗೆ ಇಟ್ಟಿಗೆಯ ಬೆನ್ನು. ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ. ಎದುರುಬದುರು ಬಾಗಿಲಿನ ಹಳೆಯ ಹಾದಿ ಮುಚ್ಚಿತು. ಒಂದೇ ಚಿಮಣಿಗೆ ಎರಡೂ ಕಡೆ ಒಲೆ ಇಟ್ಟು ಎರಡು ಕೋಣೆ ಬೆಚ್ಚಗೆ ಮಾಡಿಕೊಂಡರು. ಎಲ್ಲರೂ ಒಂದೇ ಬೆಂಕಿಯ ಸುತ್ತ ಕೂರುತ್ತಿದ್ದ ಮನೆಯಲ್ಲಿ ಈಗ ಬೇರೆ ಬೇರೆ ಕೋಣೆಗೆ ಬೇರೆ ಬೇರೆ ಬೆಂಕಿ. ಗಾಜು ಅಗ್ಗವಾದ ಹಾಗೆ ಕಿಟಕಿಗಳೂ ಬದಲಾದವು.

1570ರಿಂದ 1640ರವರೆಗೆ ಹಳ್ಳಿಮನೆಗಳಲ್ಲಿ ಇಂಥ ಬದಲಾವಣೆಯ ಅಲೆಯೇ ಎದ್ದಿತು ಎಂದು ಚರಿತ್ರೆಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ ಹೇಳಿದರು. ಆಮೇಲಿನವರು ಸೀಮೆಯಿಂದ ಸೀಮೆಗೆ ಕಾಲ ಬೇರೆ ಬೇರೆ ಎಂದು ತೋರಿಸಿದ್ದಾರೆ. ಬೇಲೀಫ್‌ನಲ್ಲೂ ನಡುಮನೆಗೆ ಮಹಡಿ ಬಂತು, ಚಿಮಣಿ ಬಂತು.

ಹೊರಗೆ ಇಟ್ಟಿಗೆ, ಒಳಗೆ ಮರ. ಇದು ಹೇಗೆ?

ಅಂಗಿ ಬದಲಿಸಿದ ಹಾಗೆ. 17 ಮತ್ತು 18ನೇ ಶತಮಾನದಲ್ಲಿ ಮರ ಕಾಣುವ ಮನೆ ಹಳೆಯ ಕಾಲದ್ದು ಅನ್ನಿಸಿಕೊಂಡಿತು. ಮಣ್ಣಿನ ಗೋಡೆ ಕಿತ್ತು ಇಟ್ಟಿಗೆ ತುಂಬಿದರು. ಚಾಚಿದ ಮಹಡಿಯ ಕೆಳಗೆ ಇಟ್ಟಿಗೆ ಗೋಡೆ ಎಬ್ಬಿಸಿ ಮುಂದಿನ ಮುಖ ನೇರ ಮಾಡಿದರು. ಕೆಂಟ್ ಮತ್ತು ಸಸೆಕ್ಸ್‌ನಲ್ಲಿ ಗೋಡೆಗೇ ಹೆಂಚು ತೂಗುಹಾಕುವುದು, ಹಲಗೆ ಹೊಡೆಯುವುದು ರೂಢಿಯಾಯಿತು. ಆ ಹೆಂಚು ಮಳೆಯಿಂದ ಮರವನ್ನು ಚೆನ್ನಾಗಿ ಕಾಪಾಡಿತು. ಹೊಸದು ಅಂತ ನೀವು ದಾಟಿ ಹೋಗುವ ಮನೆಯ ಮಾಡಿನೊಳಗೆ 15ನೇ ಶತಮಾನದ ಮಸಿ ಇರಬಹುದು.

ಇಷ್ಟು ದೊಡ್ಡ ಮನೆ ಆಮೇಲೆ ಮೂರು ಬಿಡಾರ ಆಗಿದ್ದು ಯಾಕೆ?

ಹೊಲಗಳು ಕೆಲವರ ಕೈಯಲ್ಲಿ ದೊಡ್ಡದಾದವು. ರೈತರ ಮನೆಗಳು ಕೂಲಿಯವರ ಬಾಡಿಗೆ ಬಿಡಾರವಾದವು. ಮೂರು ಭಾಗದ ಮನೆಯನ್ನು ಅಡ್ಡಗೋಡೆ ಹಾಕಿ ಮೂರು ಸಂಸಾರಕ್ಕೆ ಹಂಚುವುದು ಸುಲಭ. 18, 19ನೇ ಶತಮಾನದಲ್ಲಿ ಎಷ್ಟೋ ವೀಲ್ಡನ್ ಮನೆಗಳಿಗೆ ಹೀಗಾಯಿತು. ಒಂದು ರೀತಿಯಲ್ಲಿ ಅದರಿಂದಲೇ ಉಳಿದವು. ಬಾಡಿಗೆ ಮನೆಗೆ ಯಾರೂ ದುಡ್ಡು ಸುರಿದು ಹೊಸದು ಮಾಡಲಿಲ್ಲ.

ಕಪ್ಪು ಮರ, ಬಿಳಿ ಗೋಡೆ. ಅದೇ ಮೂಲದ ಬಣ್ಣ ಅಲ್ವಾ?

ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಓಕ್ ಬಿಸಿಲು ಮಳೆಗೆ ಬೂದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಹಾಗೇ ಬಿಡುತ್ತಿದ್ದರು, ಇಲ್ಲವೇ ಮರಕ್ಕೂ ಗೋಡೆಗೂ ಸೇರಿಸಿ ಸುಣ್ಣ ಬಳಿಯುತ್ತಿದ್ದರು. ಟಾರು ಬಳಿದು ಕಡುಗಪ್ಪು ಮಾಡುವ ಹುಚ್ಚು ಹಬ್ಬಿದ್ದು ಹೆಚ್ಚಾಗಿ 19ನೇ ಶತಮಾನದಲ್ಲಿ. ಬೇಲೀಫ್‌ನ ಮರ ಕಪ್ಪಲ್ಲ.

## ಗೋಡೆ ಓದುವುದು

ಮರ ಕಡಿದ ವರ್ಷ ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳ್ತಾರೆ?

ಓಕ್ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಮಳೆ ಚೆನ್ನಾಗಿದ್ದ ವರ್ಷ ಅಗಲ, ಬರ ಬಂದ ವರ್ಷ ಸಪೂರ. ಒಂದು ಸೀಮೆಯ ಮರಗಳಲ್ಲೆಲ್ಲ ಈ ಅಗಲ ಸಪೂರದ ಸಾಲು ಒಂದೇ ಥರ ಇರುತ್ತದೆ. ಈಗಿನ ಮರಗಳಿಂದ ಹಿಡಿದು ಹಿಂದಕ್ಕೆ ಹೋಗುತ್ತಾ ನೂರಾರು ವರ್ಷದ ಸಾಲನ್ನು ಕೂಡಿಸಿಟ್ಟಿದ್ದಾರೆ. ತೊಲೆಯಿಂದ ಪೆನ್ಸಿಲಿನ ಹಾಗೆ ಒಂದು ತುಂಡು ಕೊರೆದು ತೆಗೆದು, ಅದರ ಉಂಗುರಗಳನ್ನು ಆ ಸಾಲಿಗೆ ಹೊಂದಿಸಿ ನೋಡುತ್ತಾರೆ.

ಸಂಗತಿ ನಿಂತಿರುವುದು ಹೊರಗಿನ ಅಂಚಿನ ಮೇಲೆ. ತೊಗಟೆ ಉಳಿದಿದ್ದರೆ ಕಡಿದ ವರ್ಷ, ಕೆಲವೊಮ್ಮೆ ಯಾವ ಋತು ಅನ್ನುವುದು ಕೂಡ ಗೊತ್ತಾಗುತ್ತದೆ. ಚೇಗಿನ ಸುತ್ತ ಇರುವ ಬಿಳಿ ಮರ ಕೆತ್ತಿ ಹೋಗಿದ್ದರೆ ಅಂದಾಜು ಮಾಡಬೇಕು. ಅಲ್ಲಿನ ಓಕ್‌ಗೆ ಆ ಬಿಳಿ ಭಾಗದಲ್ಲಿ ಸಾಮಾನ್ಯವಾಗಿ 9ರಿಂದ 41 ಉಂಗುರ. ಬೇಲೀಫ್‌ಗೆ 1405-30 ಅಂತ ಅಗಲವಾದ ಅವಧಿ ಕೊಡುವುದು ಇದೇ ಥರದ ಲೆಕ್ಕದಲ್ಲಿ. ಇನ್ನೊಂದು ಮಾತು. ಇದು ಆ ಮರ ಕಡಿದ ವರ್ಷ. ಬೇರೆ ಮನೆಯಿಂದ ತಂದ ಮರವಾಗಿದ್ದರೆ ಈ ಮನೆಯ ವಯಸ್ಸು ಅದರಿಂದ ಗೊತ್ತಾಗುವುದಿಲ್ಲ.

ದಾಖಲೆ ಏನೂ ಇಲ್ಲದ ಮನೆಯಲ್ಲಿ ಹಿಂದೆ ಏನಿತ್ತು ಅಂತ ಹೇಗೆ ಗೊತ್ತಾಗುತ್ತೆ?

ಖಾಲಿ ಜಾಗಗಳೇ ಹೇಳುತ್ತವೆ. ತೊಲೆಯ ಅಡಿಯಲ್ಲಿ ಸಾಲಾಗಿ ಖಾಲಿ ಗುಂಡಿಗಳಿದ್ದರೆ ಅಲ್ಲಿ ಒಮ್ಮೆ ಗೋಡೆ ಇತ್ತು. ಓರೆಯಾಗಿ ಕೂರಿಸಿದ ಸಣ್ಣ ಚೌಕದ ಗುಂಡಿಗಳಿದ್ದರೆ ಗಾಜಿಲ್ಲದ ಕಿಟಕಿಯ ಸರಳುಗಳು. ಪಕ್ಕದಲ್ಲಿ ಉದ್ದಕ್ಕೆ ಜಾಡು ಕೊರೆದಿದ್ದರೆ ಕದ ಸರಿಯುತ್ತಿದ್ದ ಜಾಗ. ಬಾಗಿಲುವಾಡದ ಮೇಲಿನ ಕಮಾನು ಗೋಡೆಯೊಳಗೆ ಮುಚ್ಚಿಹೋಗಿ ಅರ್ಧ ಮಾತ್ರ ಕಾಣುವುದೂ ಉಂಟು.

ಎಲ್ಲಕ್ಕಿಂತ ಮುಖ್ಯ, ಅಟ್ಟ ಹತ್ತಿ ಮಸಿ ನೋಡಿ. ಮಾಡಿನ ಮರ ಎಲ್ಲಿಂದ ಎಲ್ಲಿಯವರೆಗೆ ಕಪ್ಪಾಗಿದೆಯೋ ಅಲ್ಲಿಯವರೆಗೆ ತೆರೆದ ನಡುಮನೆ. ಮಸಿ ಗೆರೆ ಎಳೆದಂತೆ ನಿಂತರೆ ಅಲ್ಲಿ ಮಾಡಿನವರೆಗೂ ಅಡ್ಡಗೋಡೆ ಇತ್ತು. ಒಂದೇ ಸಣ್ಣ ಅಂಕಣದಲ್ಲಿ ಮಾತ್ರ ದಟ್ಟ ಮಸಿ ಇದ್ದರೆ ಅದು ಚಿಮಣಿಗೆ ಮುಂಚಿನ ಹೊಗೆಯ ಜಾಗ. ಹೊಸ ಒಡೆಯರು ಅಟ್ಟ ಸ್ವಚ್ಛ ಮಾಡುತ್ತೇವೆ ಅಂತ ಈ ಮಸಿಯನ್ನು ಉಜ್ಜಿ ತೆಗೆದರೆ ನನಗೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಮುಟ್ಟಬೇಡಿ.

ಒಲೆಯ ಮೇಲಿನ ತೊಲೆಯಲ್ಲಿ ಸುಟ್ಟ ಗುರುತು, ಹೂವಿನ ಚಕ್ರ. ಮಾಟ ಮಂತ್ರವಾ?

ದೃಷ್ಟಿ ತಾಕದಂತೆ, ಕೆಡುಕು ಒಳಗೆ ಬಾರದಂತೆ ಇಟ್ಟ ಗುರುತುಗಳು ಎಂದು ತಿಳಿದವರು ಹೇಳುತ್ತಾರೆ. ಕೈವಾರದಿಂದ ಕೊರೆದ ಆರು ಎಸಳಿನ ಹೂವು, ಒಂದರ ಮೇಲೊಂದು ಬರೆದ ಎರಡು ‘ವಿ’ ಅಕ್ಷರ, ಮೇಣದಬತ್ತಿಯಿಂದ ಬೇಕೆಂದೇ ಸುಟ್ಟ ಕಣ್ಣೀರ ಹನಿಯಾಕಾರದ ಕಲೆ. ಇವು ಒಲೆ, ಬಾಗಿಲು, ಕಿಟಕಿಯ ಹತ್ತಿರ ಹೆಚ್ಚು. ಹೊರಗಿನದು ಒಳಗೆ ನುಗ್ಗಬಹುದಾದ ಜಾಗಗಳು ಅವು. ಚಿಮಣಿಯ ಗೂಡಿನಲ್ಲಿ ಹಾಕಿ ಸವೆದ ಒಂಟಿ ಶೂ ಸಿಗುವುದೂ ಇದೆ. ನಾರ್ತಾಂಪ್ಟನ್ ಮ್ಯೂಸಿಯಂ ಹೀಗೆ ಸಿಕ್ಕ ಶೂಗಳ ಪಟ್ಟಿಯನ್ನೇ ಇಟ್ಟಿದೆ.

ಹಳೇ ಗೋಡೆಗೆ ಸಿಮೆಂಟ್ ಬಳಿದರೆ ಗಟ್ಟಿ ಆಗಲ್ವಾ?

ಗೋಡೆ ಗಟ್ಟಿ ಕಾಣುತ್ತದೆ, ಒಳಗೆ ಮರ ಕೊಳೆಯುತ್ತದೆ. ಮಣ್ಣು ಮತ್ತು ಸುಣ್ಣ ನೀರು ಕುಡಿಯುತ್ತವೆ, ಬಿಸಿಲಿಗೆ ಮತ್ತೆ ಬಿಡುತ್ತವೆ. ಸಿಮೆಂಟು ಹಾಗಲ್ಲ. ಮರ ತೇವಕ್ಕೆ ಹಿಗ್ಗಿ, ಒಣಗಿ ಕುಗ್ಗಿದಾಗ ಸಿಮೆಂಟಿನ ಅಂಚಿನಲ್ಲಿ ಸಂದಿ ಬೀಳುತ್ತದೆ. ಅದರಲ್ಲಿ ಇಳಿದ ಮಳೆ ಹೊರಗೆ ಬರುವುದಿಲ್ಲ. ಒದ್ದೆ ಮರಕ್ಕೆ ಬೂಸಲು, ಬೂಸಲಿನ ಹಿಂದೆಯೇ ಹುಳು. 500 ವರ್ಷ ನಿಂತ ಅಡಿತೊಲೆ ಐವತ್ತು ವರ್ಷದ ಸಿಮೆಂಟಿನ ಹಿಂದೆ ಹಿಟ್ಟಾಗಿರುವುದನ್ನು ರಿಪೇರಿಯವರು ಮತ್ತೆ ಮತ್ತೆ ಕಾಣುತ್ತಾರೆ.

ಚಿಮಣಿ ಬಂದಿತ್ತು ಅಂದ್ರಿ. ಈಗ ಬೇಲೀಫ್‌ನಲ್ಲಿ ಚಿಮಣಿಯೇ ಇಲ್ಲವಲ್ಲ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಸಿಂಗಲ್ಟನ್‌ನಲ್ಲಿ ಮತ್ತೆ ನಿಲ್ಲಿಸುವಾಗ ಮನೆಯನ್ನು ಸುಮಾರು 1540ರಲ್ಲಿ ಇದ್ದ ಹಾಗೆ ನಿಲ್ಲಿಸಿದರು. ಆಮೇಲೆ ಬಂದ ಚಿಮಣಿ ಮತ್ತು ನಡುಮನೆಯ ಮಹಡಿಯನ್ನು ಕೈಬಿಟ್ಟರು. ಕಾಣೆಯಾದ ಮರಗಳ ಜಾಗಕ್ಕೆ ಹೊಸ ಓಕ್ ಹಾಕಿದರು. ಹಾಗಾಗಿ ತೆರೆದ ನಡುಮನೆಯಲ್ಲಿ ಹೊಗೆಯಡಿ ಕೂರುವ ಅನುಭವ ನಮಗೆ ಸಿಕ್ಕಿದೆ. ಅದಕ್ಕೆ ಬೆಲೆಯಾಗಿ ನಂತರದ ನಾಲ್ಕು ಶತಮಾನ ಹೋಗಿದೆ.

ಇದು ಸರಿಯೋ ತಪ್ಪೋ ಅನ್ನುವ ಜಗಳ ಹಳೆಯದು. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದೇ, ಹಳೆಯದರ ಪದರ ಕೆರೆದು ‘ಮೂಲ’ಕ್ಕೆ ಒಯ್ಯುವುದನ್ನು ವಿರೋಧಿಸಲು. ನನ್ನ ಮಾತು ಇಷ್ಟು. ಮನೆ ತನ್ನ ಜಾಗದಲ್ಲೇ ನಿಂತಿದ್ದರೆ ಚಿಮಣಿಯನ್ನಾಗಲಿ ನಂತರದ ಮಹಡಿಯನ್ನಾಗಲಿ ಕೀಳಬಾರದು. ಅವೂ ಆ ಮನೆಯೇ. ಆದರೆ ಬೇಲೀಫ್‌ನ ಜಾಗ ಜಲಾಶಯಕ್ಕೆ ಹೋಗಿತ್ತು, ಮನೆ ಹೇಗೂ ಬಿಚ್ಚಿಯಾಗಿತ್ತು. ಅಲ್ಲಿ ಒಂದು ಕಾಲವನ್ನು ಆರಿಸಿಕೊಂಡದ್ದನ್ನು ನಾನು ಒಪ್ಪುತ್ತೇನೆ. ಒಳಗೆ ಹೋದವರು ಇದು ಒಂದು ಕಾಲದ ಚಿತ್ರ ಎಂದು ತಿಳಿದು ನೋಡಬೇಕು, ಅಷ್ಟೆ.

ನಮ್ಮಲ್ಲೂ ಹೀಗೆ ಮನೆ ಬಿಚ್ಚಿ ತಂದು ನಿಲ್ಲಿಸಿದ್ದು ಉಂಟಾ?

ಉಂಟು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ವಿಜಯನಾಥ ಶೆಣೈ ಅವರು ಕರಾವಳಿ ಮತ್ತು ಬೇರೆ ಸೀಮೆಗಳಲ್ಲಿ ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ಕಟ್ಟಿಸಿದರು. ಮರದ ಕೂಡಿಕೆಯ ಮನೆಗಳನ್ನು ಬಿಚ್ಚಿ ಜೋಡಿಸುವುದು ಸಾಧ್ಯ ಎಂದು ಅಲ್ಲಿ ಕಣ್ಣಾರೆ ನೋಡಬಹುದು.

ಇಂಥ ಮನೆ ಕೊಂಡವರು ಈಗ ಬೇಕಾದ ಹಾಗೆ ಬದಲಿಸಬಹುದಾ?

ಆಗುವುದಿಲ್ಲ. 1700ಕ್ಕಿಂತ ಹಿಂದಿನ, ತಕ್ಕಮಟ್ಟಿಗೆ ಮೂಲ ಸ್ಥಿತಿಯಲ್ಲಿ ಉಳಿದ ಕಟ್ಟಡಗಳು ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸರ್ಕಾರದ ರಕ್ಷಣಾ ಪಟ್ಟಿಯಲ್ಲಿವೆ. ಒಳಗಿನ ಒಂದು ಹಳೆಯ ಅಡ್ಡಗೋಡೆ ತೆಗೆಯಲೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಕೈಹಚ್ಚಿದರೆ ಅಪರಾಧ. ಹೊಸ ಅಡುಗೆಮನೆ, ಶೌಚಾಲಯ ಹಾಕಿಕೊಳ್ಳಬಾರದು ಅಂತಲ್ಲ. ಹಳೆಯ ಮರಕ್ಕೆ ಏಟು ಬೀಳದ ಹಾಗೆ, ಮುಂದೆ ಬೇಡವಾದರೆ ತೆಗೆಯಲು ಬರುವ ಹಾಗೆ ಮಾಡಬೇಕು.

ಬೇಲೀಫ್ ಬಿಟ್ಟು ಇನ್ನೊಂದು ನೋಡಬೇಕು ಅಂದರೆ ಎಲ್ಲಿಗೆ ಹೋಗಲಿ?

ಈಸ್ಟ್ ಸಸೆಕ್ಸ್‌ನ ಆಲ್‌ಫ್ರಿಸ್ಟನ್‌ಗೆ ಹೋಗಿ. ಅಲ್ಲಿನ ಕ್ಲರ್ಜಿ ಹೌಸ್ 14ನೇ ಶತಮಾನದ ವೀಲ್ಡನ್ ಮನೆ, ಹುಲ್ಲಿನ ಮಾಡು. ಕೆಡವಬೇಕು ಅಂತಿದ್ದ ಅದನ್ನು, ಹಳೆಯ ತಾಣಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1896ರಲ್ಲಿ 10 ಪೌಂಡಿಗೆ ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡ ಅದು. ನಡುಮನೆಯ ನೆಲ ಸೀಮೆಸುಣ್ಣದ ಕಲ್ಲಿಗೆ ಹುಳಿ ಹಾಲು ಬೆರೆಸಿ ಗಟ್ಟಿ ಮಾಡಿದ್ದು. ಆ ನೆಲದ ಮೇಲೆ ನಿಂತು ಕತ್ತೆತ್ತಿ ಮಾಡಿನ ಮರ ನೋಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ, ಅವಸರ ಮಾಡಬೇಡಿ.